ಇನ್ನೊಂದೇ ಒಂದು ಸೆಟ್ಟಿಂಗ್ ಬಾಕಿ

ಮಲೆನಾಡಿನ ಯಾವ ಪೇಟೆಗೆ ಹೋದರೂ ಇಂಥವನೊಬ್ಬ ಇದ್ದೇ ಇರುತ್ತಾನೆ. ವೆಲ್ಡಿಂಗ್ ಶಾಪಿನ ಪಕ್ಕದ ತಗಡಿನ ಶೆಡ್ಡಿನಲ್ಲಿ, ಬಿಚ್ಚಿ ಹರವಿದ ಆರ್‌ಎಕ್ಸ್ 100ರ ಎದುರು ಕುಕ್ಕರಗಾಲಲ್ಲಿ ಕೂತಿರುತ್ತಾನೆ. "ಗಾಡಿ ಹೇಗಿದೆ?" ಅಂತ ಕೇಳಿ ನೋಡಿ. "ರಾಕೆಟ್ಟು ಸಾರ್, ಇನ್ನೊಂದೇ ಒಂದು ಸೆಟ್ಟಿಂಗ್ ಬಾಕಿ" ಅನ್ನುತ್ತಾನೆ. ಹೋದ ದೀಪಾವಳಿಗೂ ಅದೇ ಬಾಕಿಯಿತ್ತು.

ನಮ್ಮೂರಿನ ನಮೂನೆಗೆ ನಲವತ್ತೈದು ದಾಟಿದೆ. ಹೊಟ್ಟೆಪಾಡಿಗೆ ಅಡಿಕೆ ವ್ಯಾಪಾರ, ಜೀವನಕ್ಕೆ ಬೋರ್ ಕಿಟ್. ಮುಂದಿನ ಮಡ್‌ಗಾರ್ಡ್ ಎತ್ತಿ ಕಟ್ಟಿ, ಹಲ್ಲುಹಲ್ಲಿನ ಟೈರು ಹಾಕಿ, ಹೆಡ್‌ಲೈಟ್ ಕಿತ್ತು, ಆರ್‌ಎಕ್ಸನ್ನು ಡರ್ಟ್ ಬೈಕ್ ಅಂತ ಘೋಷಿಸಿ ವರ್ಷಗಳೇ ಆದವು. ಕೊಯ್ಲಾದ ಗದ್ದೆಯಲ್ಲಿ ಎಲ್ಲಾದರೂ ರೇಸು ಅಂದರೆ ಹೆಸರು ಕೊಟ್ಟಿರುತ್ತಾನೆ. ಗೆರೆಯ ಹತ್ತಿರ ಹೋಗಿ ನಿಂತದ್ದೂ ಉಂಟು.

ಅವನ ಲೆಕ್ಕ ಬಾಯಿಪಾಠವಾಗುವಷ್ಟು ಸಲ ಕೇಳಿದ್ದೇನೆ. 1985ರಲ್ಲಿ ಎಸ್ಕಾರ್ಟ್ಸ್ ಮತ್ತು ಯಮಹಾ ಸೇರಿ ಇಳಿಸಿದ ಈ ಗಾಡಿಗೆ 50 ಎಂಎಂ ಬೋರು, 50 ಎಂಎಂ ಸ್ಟ್ರೋಕು. ಒಟ್ಟು 98 ಸಿಸಿ, 11 ಹಾರ್ಸ್‌ಪವರ್. ಸ್ಟ್ರೋಕು ಮುಟ್ಟದೆ ಪಿಸ್ಟನ್ನನ್ನು 58ಕ್ಕೆ ಏರಿಸಿದರೆ 132 ಸಿಸಿ! "ಎಂಟೇ ಎಂಎಂ ಸಾರ್. ಕಂಪನಿಯವರೇ ಆರ್‌ಎಕ್ಸ್ 135ಕ್ಕೆ ಇದೇ ಅಳತೆ ಕೊಟ್ಟಿಲ್ವಾ?" ಕೊಟ್ಟಿದ್ದಾರೆ, ನಿಜ. ಆದರೆ ಕಂಪನಿಯವರು ಪಿಸ್ಟನ್ ದೊಡ್ಡದು ಮಾಡುವಾಗ ಕಾರ್ಬುರೇಟರಿನಿಂದ ಕ್ರ್ಯಾಂಕಿನವರೆಗೆ ಎಲ್ಲವನ್ನೂ ಕೂಡಿಸಿ ಕಳೆದು ನೋಡಿರುತ್ತಾರೆ. ಇವನು ಕಿಟ್ ತರಿಸುತ್ತಾನೆ, ದಪ್ಪ ಸ್ಲೀವ್ ಕೂರಲೆಂದು ಕ್ರ್ಯಾಂಕ್‌ಕೇಸಿನ ಬಾಯಿಯನ್ನು ಲೇತಿಗೆ ಕೊಟ್ಟು ಅಗಲಿಸುತ್ತಾನೆ. ಅಲ್ಲಿಗೆ ಗ್ಯಾಸ್ಕೆಟ್ ಕೂರುವ ದಂಡೆ ಸವೆದು ದಾರದಷ್ಟಾಗುತ್ತದೆ. ಒಳಗೆ ಬೆಂಕಿ ಹೆಚ್ಚಾಗುತ್ತದೆ. ಬಿಗ್‌ಎಂಡ್ ಬೇರಿಂಗು ಮಾತ್ರ ಅದೇ ಹಳೆಯದು, 98 ಸಿಸಿ ಕಾಲದ ಸಂಬಳಕ್ಕೇ ದುಡಿಯುತ್ತಿರುತ್ತದೆ.

ಜೆಟ್ಟಿನ ಕತೆ ಬೇರೆ. ದೊಡ್ಡ ಪಿಸ್ಟನ್ನಿಗೆ ದೊಡ್ಡ ಮೇನ್ ಜೆಟ್ ಬೇಕು; ಪೆಟ್ರೋಲು ಸಾಲದೆ ಗಾಳಿ ಜಾಸ್ತಿಯಾದರೆ ಪಿಸ್ಟನ್ ಕಾದು ಹಿಗ್ಗಿ ಬೋರನ್ನೇ ಕಚ್ಚಿಕೊಳ್ಳುತ್ತದೆ. ಜೆಟ್ ಸರಿಯಿದೆಯೋ ಇಲ್ಲವೋ ಅಂತ ಹೇಳುವುದು ಪ್ಲಗ್ಗು. ಹಾಗಾಗಿ ಇವನ ಅಂಗಿಯ ಜೇಬಿನಲ್ಲಿ ಸದಾ ಒಂದು ಪ್ಲಗ್ಗಿರುತ್ತದೆ. ಮದುವೆ ಮನೆಯಲ್ಲಿ, ಬಾಳೆಲೆಗೆ ಚಿತ್ರಾನ್ನ ಬೀಳುತ್ತಿರುವಾಗ, ಕರವಸ್ತ್ರ ಬಿಡಿಸಿ ಅದನ್ನು ನನ್ನ ಮೂಗಿನ ಮುಂದೆ ಹಿಡಿದಿದ್ದಾನೆ. "ಕಪ್ಪಗಿದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ರೆ ಡೇಂಜರ್. ನೋಡಿ ಹೇಗಿದೆ, ಫಿಲ್ಟರ್ ಕಾಫಿ!" ನನಗೆ ಕಂಡದ್ದು ಬಿಳಿ. ಹೇಳಲಿಲ್ಲ, ಪಾಯಸ ಬರುವುದಿತ್ತು.

ಆ ಡೇಂಜರಿನ ಅನುಭವ ನನಗಾದದ್ದು ಚಾರ್ಮಾಡಿ ಘಾಟಿಯಲ್ಲಿ. ಬೆಳ್ತಂಗಡಿ ಕಡೆ ಯಾವುದೋ ಗದ್ದೆ ರೇಸು. ನನಗೂ ಉಜಿರೆಗೆ ಹೋಗಬೇಕಿತ್ತು, ಬಸ್ಸು ತಪ್ಪಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹಿಂದೆ ಹತ್ತಿದೆ. ರಸ್ತೆಗೆಂದು ಹೆಡ್‌ಲೈಟ್, ಹಿಂದಿನ ಸೀಟು ಎರಡನ್ನೂ ಮರಳಿ ಹಾಕಿದ್ದ. ನನ್ನ ಮೇಲಿನ ಗೌರವದಿಂದ ಅಂತ ಆಗ ಭಾವಿಸಿದ್ದೆ. ಇಳಿಜಾರು ಶುರುವಾದದ್ದೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಸತೊಡಗಿದ. ಟೂ ಸ್ಟ್ರೋಕಿನ ಸಂಕಟ ಇರುವುದೇ ಇಲ್ಲಿ. ಇದಕ್ಕೆ ಆಯಿಲ್ ತುಂಬಿಟ್ಟ ತಟ್ಟೆಯಿಲ್ಲ. ಇವನ ಗಾಡಿಯಲ್ಲಿ ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲ್ಲೇ ಪಿಸ್ಟನ್ನಿಗೂ ಬೇರಿಂಗಿಗೂ ಗತಿ. ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲಿಲ್ಲ, ಪೆಟ್ರೋಲಿಲ್ಲದಿದ್ದರೆ ಆಯಿಲ್ಲಿಲ್ಲ. ಚಕ್ರ ಮಾತ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಸ್ಟಾಕ್ ಗಾಡಿ ಇದನ್ನು ಅಷ್ಟಿಷ್ಟು ಸಹಿಸುತ್ತದೆ. ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಬಿಡಬೇಕಾದ ಸಂದನ್ನು ಅಂದಾಜಿನಲ್ಲಿ ಬಿಟ್ಟ ಹೊಸ ಕಿಟ್ ಸಹಿಸುವುದಿಲ್ಲ.

ಮೂರನೇ ತಿರುವಿನಲ್ಲಿ ಕೀಂಚ್ ಅಂತ ಒಂದು ಸದ್ದು. ಹಿಂದಿನ ಚಕ್ರ ಕಚ್ಚಿಕೊಂಡು, ಗಾಡಿ ಅಡ್ಡಡ್ಡ ಜಾರಿ, ನನ್ನ ಬಾಯಿಂದ ಮನೆದೇವರ ಹೆಸರು ಅರ್ಧ ಹೊರಟಿತ್ತು, ಅಷ್ಟರಲ್ಲಿ ಇವನು ಕ್ಲಚ್ ಒತ್ತಿ ತಡೆಗೋಡೆಯ ಬದಿಗೆ ತಂದು ನಿಲ್ಲಿಸಿದ. ಅವನ ಎರಡು ಬೆರಳು ಮೊದಲಿನಿಂದಲೂ ಕ್ಲಚ್ ಮೇಲೇ ಇದ್ದವು. ಅಂದರೆ ಮಹಾಶಯನಿಗೆ ಗೊತ್ತಿತ್ತು!

"ಏನಿಲ್ಲ ಸಾರ್, ಸ್ವಲ್ಪ ಹಿಡ್ಕೊಂಡಿದೆ. ತಣ್ಣಗಾದ್ರೆ ಬಿಡುತ್ತೆ." ಮಂಗಗಳು ಸುತ್ತ ಕೂತು ನಮ್ಮನ್ನೇ ನೋಡುತ್ತಿದ್ದವು. ಪ್ಲಗ್ ಬಿಚ್ಚಿ ಒಂದೆರಡು ಹನಿ ಆಯಿಲ್ ಬಿಟ್ಟು, ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿದ. ಬಿಟ್ಟಿತು. ಹೊಗೆಯೆಬ್ಬಿಸಿಕೊಂಡು ಸ್ಟಾರ್ಟೂ ಆಯಿತು. ಅವನ ಮುಖ ನೋಡಬೇಕಿತ್ತು, ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡಸರಿಗೆ ಮಾತ್ರ ಅಂಥ ಕಳೆ ಬರುತ್ತದೆ. ಎರಡು ತಿರುವು ಕಳೆಯುವಷ್ಟರಲ್ಲಿ ಮತ್ತೆ ಕೀಂಚ್. ಕೊನೆಗೆ ಘಟ್ಟದ ಮೇಲೆ ಮೀನು ಇಳಿಸಿ ಖಾಲಿ ಬರುತ್ತಿದ್ದ ಪಿಕಪ್ಪಿಗೆ ಬೈಕನ್ನೂ ನಮ್ಮನ್ನೂ ಏರಿಸಿದರು. ಅವನು ಮುಂದೆ ಕೂತು ಡ್ರೈವರಿಗೆ ಮೇನ್ ಜೆಟ್ ವಿವರಿಸಿದ. ನಾನು ಹಿಂದೆ ಬಂಗುಡೆಯ ಪೆಟ್ಟಿಗೆ ಹಿಡಿದು ನಿಂತಿದ್ದೆ. ಉಜಿರೆಯಲ್ಲಿ ನಾನು ಹೋಗಬೇಕಿದ್ದದ್ದು ಒಂದು ಉಪನಯನಕ್ಕೆ.

ರನ್ನಿಂಗ್-ಇನ್ ಅನ್ನುವುದು ಅವನಿಗೆ ಆಗಿಬರುವುದಿಲ್ಲ. ಹೊಸ ಪಿಸ್ಟನ್ ಹಾಕಿ ಮೆಲ್ಲಗೆ ಓಡಿಸಬೇಕು ಅಂತ ಹುಡುಗರಿಗೆ ಉಪದೇಶ ಮಾಡಿ, ಅದೇ ಸಂಜೆ ಪಂಚಾಯ್ತಿ ಮೈದಾನದಲ್ಲಿ ಮೂರನೇ ಗೇರಿನಲ್ಲಿ ಚೀರಿಸುತ್ತಾನೆ. ಪೊಲೀಸರಿಗೆ ಸೈಲೆನ್ಸರ್ ದಾನ ಮಾಡಿದ್ದಾನೆ. ಹೆಂಡತಿಗೆ ಕಿಟ್‌ನ ಬೆಲೆಯಲ್ಲಿ ಒಂದು ಸೊನ್ನೆ ಕಡಿಮೆ ಹೇಳುತ್ತಾನೆ. ಆಕೆಗೆ ನಿಜ ಬೆಲೆ ಗೊತ್ತು. "ಗಟ್ಟಿಮುಟ್ಟಾಗಿ ಬಾಳುತ್ತಾ ಇದು?" ಅಂತ ನಾನೊಮ್ಮೆ ನೇರವಾಗಿ ಕೇಳಿದ್ದಕ್ಕೆ, ಫಾರಿನ್ನಿನ ರೇಸ್ ಡರ್ಟ್ ಬೈಕುಗಳ ಕೈಪಿಡಿಯಲ್ಲೇ ಇಂತಿಷ್ಟು ಗಂಟೆಗೊಮ್ಮೆ ಪಿಸ್ಟನ್ ಬದಲಿಸಿ ಅಂತ ಬರೆದಿರುತ್ತದೆ, ನಮ್ಮವರೇ ಪಿಸ್ಟನ್ನನ್ನು ಮಾಂಗಲ್ಯದ ಹಾಗೆ ಕಾಯುವುದು ಅಂತ ನನ್ನನ್ನೇ ಬೈದ. ಮಾತು ಸುಳ್ಳಲ್ಲ. ಅವರು ಗಂಟೆ ಲೆಕ್ಕ ಇಟ್ಟು ಬದಲಿಸುತ್ತಾರೆ, ಇವನು ಘಾಟಿ ಲೆಕ್ಕದಲ್ಲಿ.

ಆದರೂ ಊರಲ್ಲಿ ಯಾರದೇ ಹಳೆಯ ಟೂ ಸ್ಟ್ರೋಕ್ ನಿಂತರೂ ಕರೆ ಹೋಗುವುದು ಇವನಿಗೇ. ಮಳೆಗಾಲದಲ್ಲಿ, ಛತ್ರಿಯಿಲ್ಲದೆ, ಯಾರದೋ ತೋಟದ ದಾರಿಯಲ್ಲಿ ಕಾರ್ಬುರೇಟರ್ ಬಿಚ್ಚಿ ಬಾಯಿಂದ ಊದಿ ಸರಿಮಾಡಿ, ಕಾಸು ಮುಟ್ಟದೆ ಬಂದಿದ್ದಾನೆ. 1996ರಲ್ಲೇ ಆರ್‌ಎಕ್ಸ್ 100 ನಿಂತುಹೋಯಿತು; ಒಳ್ಳೆಯ ಬೋರು ಕೊರೆಯುವ ಲೇತಿನವರೂ ಒಬ್ಬೊಬ್ಬರಾಗಿ ಕೈಬಿಟ್ಟರು. ಅವನ ಶೆಡ್ಡಿನ ಅಟ್ಟದ ಮೇಲೆ, ಹಳೆಯ ಪಂಚೆಯಲ್ಲಿ ಸುತ್ತಿ ಗ್ರೀಸ್ ಹಚ್ಚಿಟ್ಟ, ಆ ಗಾಡಿಯ ಮೂಲ 50 ಎಂಎಂ ಬ್ಲಾಕ್ ಇದೆ. ಒಂದು ಸಂಜೆ ಇಳಿಸಿ ತೋರಿಸಿದ. ರಿಂಗಿನ ಗೆರೆಯಿಲ್ಲ, ಕಂಪನಿ ಬಿಟ್ಟ ಹೊಳಪು ಹಾಗೇ ಇತ್ತು. "ಇದನ್ನೇ ಹಾಕಿದ್ರೆ ಇವತ್ತೂ ಒಂದೇ ಕಿಕ್ಕಿಗೆ ಹೊರಡುತ್ತೆ" ಅಂದ. ಮತ್ಯಾಕೆ ಹಾಕುವುದಿಲ್ಲ ಅಂದೆ. "ಹಾಕಿದ್ರೆ ಸಾಯಂಕಾಲ ನಾನು ಏನು ಮಾಡ್ಲಿ ಸಾರ್?"

ಅಯ್ಯೋ ಪಾಪ ಅನ್ನಿಸಿದ್ದೇ ತಡ, ಮರುದಿನವೇ ಮನೆಗೆ ಬಂದ. ಅಂಗಳದಲ್ಲಿ ನನ್ನ ಹಳೆಯ ಟಿವಿಎಸ್ ಎಕ್ಸ್‌ಎಲ್ ನಿಂತಿತ್ತು. ಎಪ್ಪತ್ತು ಸಿಸಿಗೂ ಒಂದು ಕೂದಲು ಕಮ್ಮಿ. ತೆಂಗಿನಕಾಯಿ ಮೂಟೆ, ಗ್ಯಾಸ್ ಸಿಲಿಂಡರ್, ಅತ್ತೆ, ಏನು ಹೇರಿದರೂ ಎದುರು ಮಾತಾಡದ ಪ್ರಾಣಿ. ಇವನು ಬಗ್ಗಿ ಅದರ ಬ್ಲಾಕಿನ ರೆಕ್ಕೆಗಳನ್ನು ಬೆರಳಿನಿಂದ ಸವರಿದ, ಜೇಬಿಗೆ ಕೈ ಹಾಕಿ ವರ್ನಿಯರ್ ತೆಗೆದ.

"ಸಾರ್, ಇದಕ್ಕೂ ಒಂದು ಕಿಟ್ ಬರುತ್ತೆ."

ಎಕ್ಸ್‌ಎಲ್ಲಿನ ಕೀಲಿ ಈಗ ಅಡುಗೆಮನೆಯ ಸಾಸಿವೆ ಡಬ್ಬದಲ್ಲಿದೆ. ನನಗೆ ಬೇಕಾದರೂ ಎರಡು ಸಲ ಕೇಳಿಯೇ ಕೊಡುತ್ತಾರೆ.