ಕಿಟಕಿಯಲ್ಲಿ ತೂರಿದ ಟವಲ್ಲು: ಒಂದು ಶಾಸ್ತ್ರೀಯ ವಿವೇಚನೆ

ಸದ್ದು ಮಾಡದೆ, ಕಣ್ಣಂಚಿನಲ್ಲೇ ಇದ್ದುಕೊಂಡು ಜನರ ನಡುವೆ ಸುದ್ದಿ ಮುಟ್ಟಿಸುವ ವಸ್ತುವನ್ನು ರೂಪಿಸುವುದು ಹೇಗೆಂದು ಪಾಶ್ಚಾತ್ಯ ವಿದ್ವಾಂಸರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಕಲಾವಿದೆ ನತಾಲಿ ಜೆರೆಮಿಜೆಂಕೊ ಎಂಟು ಅಡಿಯ ಪ್ಲಾಸ್ಟಿಕ್ ದಾರವೊಂದನ್ನು ಚಾವಣಿಯ ಮೋಟರಿಗೆ ಕಟ್ಟಿ ಇಳಿಬಿಟ್ಟರು. ಕಂಪ್ಯೂಟರ್ ಜಾಲದಲ್ಲಿ ಓಡಾಟ ಹೆಚ್ಚಿದಷ್ಟೂ ದಾರ ಗಿರಗಿರ ತಿರುಗುತ್ತಿತ್ತು. ಅದೇ ಪ್ರಯೋಗಾಲಯದ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲಿ ಇದನ್ನು ಶಾಂತ ತಂತ್ರಜ್ಞಾನದ ಮಾದರಿಯೆಂದು ಎತ್ತಿಹಿಡಿದರು. ಈ ಮಹನೀಯರು ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ಸಂಜೆ ಹೊಳೆನರಸೀಪುರದ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಹಾಜರಿದ್ದರೆ ಮೋಟರಿನ ಖರ್ಚು ಉಳಿಯುತ್ತಿತ್ತು. ಸೀಟು ಹಿಡಿಯಲೆಂದು ಹೊರಗಿನಿಂದ ಎಸೆದಾಗ ಕಿಟಕಿಯ ಕಂಬಿಗಳ ನಡುವೆ ತೂರಿ ಸೀಟಿನ ಮೇಲೆ ಬೀಳುವ ಟವಲ್ಲೇ ಈ ಶಾಸ್ತ್ರದ ಪರಿಪೂರ್ಣ ವಸ್ತು. ಅದರ ಬಲವೆಲ್ಲ ಇರುವುದು ಅದರ ಕೈಲಾಗದತನದಲ್ಲಿ ಎಂಬುದೇ ಪ್ರಸ್ತುತ ಸಿದ್ಧಾಂತ.

ಮೊದಲು ಪ್ರಮಾಣ. ಟವಲ್ಲಿಗೆ ಬೀಗವಿಲ್ಲ, ಹೆಸರಿಲ್ಲ, ಮೊಹರಿಲ್ಲ. ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಡಬಹುದು. ಆದರೂ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಅದು ಒಬ್ಬಂಟಿಯಾಗಿ, ಸೀಟಿನ ತುಂಬ ಕೂತಿರುತ್ತದೆ. ಅದೇ ಬಸ್ಸಿನಲ್ಲಿ ‘ಹಿರಿಯ ನಾಗರಿಕರಿಗೆ’ ಎಂದು ಬಣ್ಣದಲ್ಲಿ ಬರೆಸಿದ ಸರ್ಕಾರಿ ಶಾಸನದ ಕೆಳಗೆ ಕಾಲೇಜು ಹುಡುಗ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಶ್ಚಿಂತೆಯಿಂದಿರುತ್ತಾನೆ. ಕಾರಣ ಸರಳ: ಶಾಸನವನ್ನು ಮೀರಲು ಸುಮ್ಮನೆ ಕೂತರೆ ಸಾಕು, ಟವಲ್ಲನ್ನು ಮೀರಲು ಎಲ್ಲರೆದುರು ಕೈ ಚಾಚಬೇಕು. ಚಾಚಿದೊಡನೆ ಪಕ್ಕದ ಸೀಟಿನವರು ಎಚ್ಚೆತ್ತು, “ಬತ್ತರೆ ಕಣಣ್ಣ, ನೀರ್ ಬಾಟ್ಲಿ ತರಕ್ಕೋಗವ್ರೆ” ಎಂದು ಸಾಕ್ಷಿ ನುಡಿಯುತ್ತಾರೆ. ಟವಲ್ಲಿನ ಒಡೆಯನ ಮುಖವನ್ನು ಈ ಸಾಕ್ಷಿ ಕಂಡೇ ಇಲ್ಲ, ಬಾಟ್ಲಿಯಂತೂ ಸ್ವಕಪೋಲಕಲ್ಪಿತ. ಹೀಗೆ ಊರಿಲ್ಲದ, ಹೆಸರಿಲ್ಲದ ಒಬ್ಬನಿಗೆ ಬಿಟ್ಟಿ ವಕೀಲರನ್ನು ಒದಗಿಸುವ ಉಪಕರಣ ಮತ್ತೊಂದಿಲ್ಲ. ವಿರುದ್ಧ ಉದಾಹರಣೆ ಚನ್ನರಾಯಪಟ್ಟಣದ್ದು. ಬೆಂಗಳೂರಿನಿಂದಲೇ ತುಂಬಿ ಬರುವ ಬಸ್ಸಿನಲ್ಲಿ ಟವಲ್ಲು ಬೀಳಲು ಖಾಲಿ ಸೀಟಿರುವುದಿಲ್ಲ, ಹತ್ತಿದವರು ಕೂತವರನ್ನು “ಎಲ್ಲಿ ಇಳೀತೀರಣ್ಣ?” ಎಂದು ಬಾಯಿಬಿಟ್ಟೇ ಕೇಳಬೇಕು. ವಸ್ತು ಇಲ್ಲದ ಕಡೆ ಮಾತು ಖರ್ಚಾಗುತ್ತದೆಂಬುದು ಇದರಿಂದ ಸಿದ್ಧ.

ಇನ್ನು ಪೂರ್ವಪಕ್ಷಗಳು. ಇದು ಸಂವಹನವಲ್ಲ, ಶುದ್ಧ ಒತ್ತುವರಿ ಎನ್ನುವವರಿದ್ದಾರೆ. ದುಡಿಮೆ ಬೆರೆತ ವಸ್ತು ದುಡಿದವನದಾಗುತ್ತದೆಂದು 17ನೇ ಶತಮಾನದಲ್ಲೇ ಜಾನ್ ಲಾಕ್ ವಾದಿಸಿದ್ದಾನೆ. ಬಸ್ಸು ನಿಲ್ಲುವ ಮೊದಲೇ ಜೊತೆಗೆ ಓಡಿ, ಕಂಬಿಗಳ ಸಂದಿಗೆ ಗುರಿಯಿಡುವುದು ದುಡಿಮೆಯಲ್ಲದೆ ಇನ್ನೇನು? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಟವಲ್ಲಿನ ಯುಗ ಮುಗಿಯಿತೆಂಬುದು ಎರಡನೆಯ ಆಕ್ಷೇಪ. ಸರ್ಕಾರ ಮಹಿಳೆಯರಿಗೆ ಪುಕ್ಕಟೆ ಮಾಡಿದ್ದು ಟಿಕೆಟ್ಟನ್ನು, ಸೀಟನ್ನಲ್ಲ. ಶಾಸ್ತ್ರಕ್ಕೆ ವೇಲು, ವ್ಯಾನಿಟಿ ಬ್ಯಾಗು, ಟಿಫನ್ ಬಾಕ್ಸುಗಳೂ ಸೇರಿ ಸಾಮಗ್ರಿ ಶ್ರೀಮಂತವಾಯಿತು, ಅಷ್ಟೆ. ರೈಲು ಹೆಚ್ಚಿದರೆ ಇದೆಲ್ಲ ತಾನೇ ನಿಲ್ಲುತ್ತದೆನ್ನುವವರು ಅರಕಲಗೂಡಿಗೆ ರೈಲೇ ಇಲ್ಲವೆಂಬುದನ್ನು ಮರೆತಿದ್ದಾರೆ. ಹೊಳೆನರಸೀಪುರಕ್ಕೆ ಬರುವ ರೈಲಿನ ಜನರಲ್ ಬೋಗಿಯಲ್ಲೂ ಕಿಟಕಿಗಳಿವೆ ಎಂಬುದನ್ನೂ.

ಕಠಿಣ ಆಕ್ಷೇಪ ಒಂದೇ: ಒಂದೇ ಸೀಟಿನ ಮೇಲೆ ಎರಡು ಟವಲ್ಲು ಬಿದ್ದರೆ? ಉತ್ಖನನಶಾಸ್ತ್ರದ ಪ್ರಕಾರ ಕೆಳಗಿನ ಪದರವೇ ಹಳೆಯದು. ಆದರೆ ಮೇಲಿನ ಟವಲ್ಲಿನವರು ಪುರಾತತ್ತ್ವ ಓದಿರುವುದಿಲ್ಲ. ಕಂಡಕ್ಟರ್ “ಟಿಕೆಟ್, ಟಿಕೆಟ್” ಎನ್ನುತ್ತ ಈ ವ್ಯಾಜ್ಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಸೂಚಿಸುತ್ತಾರೆ. ಕೊನೆಗೆ ಅದೇ ಬಿಟ್ಟಿ ವಕೀಲರು ನ್ಯಾಯಾಧೀಶರಾಗಿ, “ಒಸಿ ಜರುಗಿ, ಅಡ್ಜಸ್ಟ್ ಮಾಡ್ಕಳ್ಳಿ” ಎಂದು ತೀರ್ಪಿತ್ತು, ಮೂವರ ಸೀಟಿನಲ್ಲಿ ನಾಲ್ವರು ಕೂರುತ್ತಾರೆ. ಆದ್ದರಿಂದ ಟವಲ್ಲಿಗೆ ಚಿಪ್ಪು, ಸೆನ್ಸರು, ಆ್ಯಪು ಜೋಡಿಸಲು ಹೊರಟ ಎಂಜಿನಿಯರುಗಳಿಗೆ ಈ ಪ್ರಬಂಧದ ಶಿಫಾರಸು ಇಷ್ಟೆ: ದಯವಿಟ್ಟು ಬೇಡ. ಟವಲ್ಲು ತನ್ನನ್ನು ತಾನೇ ಕಾಯ್ದುಕೊಳ್ಳಲು ಕಲಿತ ದಿನ ಪಕ್ಕದವರಿಗೆ ಕಾಯುವ ಕೆಲಸ ತಪ್ಪುತ್ತದೆ. ಕಾಯುವ ಹೊಣೆಯೇ ಇಲ್ಲದವರು ನಾಲ್ಕನೆಯವರಿಗಾಗಿ ಜರುಗುವುದಿಲ್ಲ.