ಆರು ನಿಮಿಷಕ್ಕೊಂದು ಯೂನಿಟ್ಟು

ಲೀಡ್ಸಿನಲ್ಲಿರುವ ನನ್ನ ಭಾವಮೈದುನ ಫೋನ್ ಮಾಡಿದರೆ ಮಾತಾಡುವುದು ಎರಡೇ ವಿಷಯ: ಅಲ್ಲಿಯ ಮಳೆ, ಇಲ್ಲಿಂದ ಹೋಗಬೇಕಾದ ಹುಳಿಪುಡಿ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಎರಡನ್ನೂ ಬದಿಗಿಟ್ಟು, "ಭಾವ, ಮಗಳು ಕಾಲೇಜಿಗೆ ಹೋಗಲ್ವಂತೆ. ನೀವಾದ್ರೂ ಒಂದಿಷ್ಟು ಬುದ್ಧಿ ಹೇಳಿ" ಅಂದ. ದನಿ ಕೇಳಿದರೆ ಹುಡುಗಿ ಕಾವಿ ಉಟ್ಟು ಹಿಮಾಲಯಕ್ಕೆ ಹೊರಟಿದ್ದಾಳೆ ಅನ್ನಬೇಕು. ವಿಚಾರಿಸಿದರೆ ಅಂಥದ್ದೇನೂ ಇಲ್ಲ. ಎ-ಲೆವೆಲ್ ಮುಗಿಸಿ, ಅಂದರೆ ನಮ್ಮ ಲೆಕ್ಕದಲ್ಲಿ ಪಿಯುಸಿ ಮುಗಿಸಿ, ನೇರವಾಗಿ ಒಂದು ಸಾಲಿಸಿಟರುಗಳ ಕಂಪನಿಗೆ ಅಪ್ರೆಂಟಿಸ್ ಆಗಿ ಸೇರುತ್ತಾಳಂತೆ. ಆರು ವರ್ಷ ಕೆಲಸ ಮಾಡುತ್ತಲೇ ಓದಿ, ಪರೀಕ್ಷೆ ಪಾಸು ಮಾಡಿ, ತಾನೂ ಸಾಲಿಸಿಟರ್ ಆಗುತ್ತಾಳಂತೆ.

"ಇಷ್ಟು ವರ್ಷ ಈ ಮಳೇಲಿ ನೆಂದಿದ್ದು ಇದಕ್ಕಾ ಭಾವ?" ಎಂದು ಅವನ ಅಳಲು.

ಕೇಸು ನನ್ನ ಹತ್ತಿರ ಬರಲು ಕಾರಣ ಇಷ್ಟೇ. ಎರಡೂ ಕಡೆಯ ನೆಂಟರಲ್ಲಿ ವಕೀಲ ಅಂತ ಇರುವವನು ನಾನೊಬ್ಬನೇ, ಹಾಸನದ ಕೋರ್ಟಿನಲ್ಲಿ ಕೋಟು ಸವೆಸಿದವನು. ಮನೆಯಲ್ಲಿ ನಾನು ಒಂದು ವಾದವನ್ನೂ ಗೆದ್ದದ್ದಿಲ್ಲ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಆದರೂ ತಮ್ಮನ ಪರವಾಗಿ ನನ್ನನ್ನು ಗೊತ್ತುಮಾಡಿದವಳು ಅವಳೇ. ಫೀಸಿನ ಮಾತೂ ಬರಲಿಲ್ಲವಲ್ಲ!

ಮಾರನೆಯ ದಿನ ವಿಡಿಯೋ ಕಾಲಿನಲ್ಲಿ ಹುಡುಗಿಯನ್ನು ಕೂರಿಸಿಕೊಂಡು ವಿದ್ಯಾಭ್ಯಾಸದ ಮಹತ್ವದಿಂದ ಶುರುಮಾಡಿದೆ. ಅವಳು ನನ್ನನ್ನು ಪೂರ್ತಿ ಮಾತಾಡಲು ಬಿಟ್ಟಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಎದುರು ವಕೀಲರು ಅಡ್ಡ ಬಾಯಿ ಹಾಕದೆ ಕೇಳುತ್ತಾ ಕೂತರೆ ಕೈಯಲ್ಲಿ ಏನೋ ಕಾಗದ ಇದೆ ಅಂತಲೇ ಅರ್ಥ. "ಮಾವ, ಯೂನಿವರ್ಸಿಟಿಗೆ ವರ್ಷಕ್ಕೆ 9,250 ಪೌಂಡ್ ಫೀಸು. ಮುಗಿಸೋ ಹೊತ್ತಿಗೆ ತಲೆ ಮೇಲೆ ಸಾಲ. ಇಲ್ಲಿ ಅವರೇ ನಂಗೆ ಸಂಬಳ ಕೊಡ್ತಾರೆ. ಕೆಲಸ ನಾಲ್ಕು ದಿನ, ಓದೋಕೆ ಒಂದು ದಿನ ಬಿಡ್ತಾರೆ. ಓದಿನ ಖರ್ಚೂ ನಂದಲ್ಲ. ಮಧ್ಯದಲ್ಲಿ ಎಲ್‌ಎಲ್‌ಬಿ ಡಿಗ್ರೀನೂ ಸಿಗುತ್ತೆ. ನೀವು ವಕೀಲರು, ಇದರಲ್ಲಿ ನಷ್ಟ ಯಾವುದು ಹೇಳಿ."

ಪಾಟೀಸವಾಲಿಗೆ ಅವಕಾಶವಿತ್ತು. ಸವಾಲೇ ಹೊಳೆಯಲಿಲ್ಲ. ಭಾವಮೈದುನನಿಗೆ ಫೋನ್ ಮಾಡಿ, "ಹುಡುಗಿ ಹೇಳೋದರಲ್ಲಿ ಹುರುಳಿದೆ ಕಣಯ್ಯ" ಅಂದೆ. ಕಕ್ಷಿದಾರನ ಕೈಬಿಟ್ಟು ಎದುರು ಪಕ್ಷ ಸೇರಿದ ವಕೀಲ ಎಂಬ ಅಪಖ್ಯಾತಿ ನಮ್ಮ ಬಂಧುಬಳಗದಲ್ಲಿ ನನಗೆ ಈಗಲೂ ಇದೆ.

ಬಂಧುಬಳಗಕ್ಕೆ ತಿಳಿಹೇಳುವುದು ಇನ್ನೊಂದು ಪಾಡು. ಅರಸೀಕೆರೆಯ ದೊಡ್ಡಮ್ಮನ ಮನಸ್ಸಿನಲ್ಲಿ ಅಪ್ರೆಂಟಿಸ್ ಅಂದರೆ ಐಟಿಐ ಮುಗಿಸಿ ರೈಲ್ವೆ ವರ್ಕ್‌ಶಾಪಿಗೆ ಹೋಗುವ ಹುಡುಗ. "ಹೆಣ್ಣುಮಗು, ಗ್ರೀಸು ಗೀಸು ಮೆತ್ತಿಕೊಂಡು..." ಎಂದು ಕಣ್ಣೊರೆಸಿಕೊಂಡರು. ಸಾಲಿಸಿಟರ್ ಅಂದರೆ ಕಕ್ಷಿದಾರರ ಜೊತೆ ಮಾತಾಡಿ, ಕ್ರಯಪತ್ರ, ಉಯಿಲು, ಕರಾರು ಎಲ್ಲ ಬರೆಯುವ ವಕೀಲರು. ಕೂದಲ ಟೋಪಿ ಹಾಕಿಕೊಂಡು ಹೈಕೋರ್ಟಿನಲ್ಲಿ ವಾದ ಮಾಡುವವರು ಬ್ಯಾರಿಸ್ಟರುಗಳು, ಅವರ ಜಾತಿಯೇ ಬೇರೆ ಎಂದು ವಿವರಿಸಿದೆ. "ಗಾಂಧೀಜಿ ಆಗಿದ್ರಲ್ಲ, ಅದು?" ಅಂದರು. ಹೌದು, ಅದು. ಗಾಂಧೀಜಿಯ ಕಾಲದಲ್ಲಿ ಬ್ಯಾರಿಸ್ಟರ್ ಆಗುವವರು ಪರೀಕ್ಷೆಯ ಜೊತೆಗೆ ತಮ್ಮ 'ಇನ್' ಎಂಬ ವಕೀಲರ ಸಂಘದ ಭೋಜನಶಾಲೆಯಲ್ಲಿ ಇಷ್ಟು ಊಟ ಅಂತ ಮಾಡಲೇಬೇಕಿತ್ತು. ನಾಲ್ಕು ಜನರ ಮೇಜಿಗೆ ಎರಡು ಬಾಟಲಿ ವೈನು. ಕುಡಿಯದ ಗಾಂಧಿ ನಮ್ಮ ಮೇಜಿಗೇ ಬರಲಿ ಎಂದು ಉಳಿದವರು ಕರೆಯುತ್ತಿದ್ದರಂತೆ. ಅಂತೂ ಬ್ಯಾರಿಸ್ಟರ್ ಉಂಡು ಆಗುತ್ತಿದ್ದ, ಸಾಲಿಸಿಟರ್ ದುಡಿದು ಆಗುತ್ತಿದ್ದ.

ದುಡಿದು ಎಂಬುದು ಇಂದು ನಿನ್ನೆಯದಲ್ಲ. 1729ರಲ್ಲೇ ಬ್ರಿಟನ್ನಿನ ಪಾರ್ಲಿಮೆಂಟು ಕಾಯಿದೆ ಮಾಡಿ, ಸಾಲಿಸಿಟರ್ ಆಗಬೇಕಾದರೆ ಒಬ್ಬ ಗುರುವಿನ ಕೈಕೆಳಗೆ ಐದು ವರ್ಷ ಕರಾರು ಬರೆದುಕೊಟ್ಟು ಕೆಲಸ ಕಲಿಯಬೇಕು ಅಂದಿತು. ಇವರೇ ಆರ್ಟಿಕಲ್ಡ್ ಕ್ಲರ್ಕುಗಳು. ನಮ್ಮಲ್ಲಿ ಸಿಎ ಓದುವ ಮಕ್ಕಳು ಆಡಿಟರ್ ಆಫೀಸಿನಲ್ಲಿ ಮಾಡುವ ಆರ್ಟಿಕಲ್‌ಶಿಪ್ಪೂ ಇದೇ ಮನೆತನದ್ದು. ವ್ಯತ್ಯಾಸ ಇದ್ದದ್ದು ದುಡ್ಡು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದರಲ್ಲಿ. ಆಗ ಕಲಿಯುವವನ ಅಪ್ಪ ಗುರುವಿಗೆ ದೊಡ್ಡ ಗಂಟು ಕೊಡಬೇಕಿತ್ತು, ಅದರ ಮೇಲೆ ಸರ್ಕಾರಕ್ಕೆ ಸ್ಟಾಂಪು ಶುಲ್ಕ ಬೇರೆ. ಡಿಕನ್ಸನ ಕಾದಂಬರಿಯಲ್ಲಿ ಡೇವಿಡ್ ಕಾಪರ್‌ಫೀಲ್ಡನನ್ನು ಪ್ರಾಕ್ಟರ್ ಎಂಬ ಸಾಲಿಸಿಟರಿನ ದಾಯಾದಿ ವೃತ್ತಿಗೆ ಸೇರಿಸಲು ಅವನ ಅಪ್ಪನ ಸೋದರತ್ತೆ 1,000 ಪೌಂಡು ತೆರುತ್ತಾಳೆ. ಡಿಕನ್ಸನಿಗೆ ಇದೆಲ್ಲ ಬೇರೆಯವರು ಹೇಳಿ ಗೊತ್ತಾದದ್ದಲ್ಲ. 1827ರಲ್ಲಿ, 15ನೇ ವಯಸ್ಸಿನಲ್ಲಿ, ಲಂಡನ್ನಿನ ಗ್ರೇಸ್ ಇನ್‌ನಲ್ಲಿದ್ದ ವಕೀಲರ ಕಚೇರಿಯೊಂದಕ್ಕೆ ಅವನು ಗುಮಾಸ್ತೆ ಹುಡುಗನಾಗಿ ಸೇರಿದ್ದ. ಗಂಟು ಕೊಟ್ಟು ಬಂದವನಲ್ಲ, ಕೂಲಿಗೆ ಬಂದವನು. ಮುಂದೆ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ವಕೀಲರ ಗುಮಾಸ್ತರನ್ನು ಜಾತಿವಾರು ವಿಂಗಡಿಸುತ್ತಾನೆ. ಮೇಲಿನ ಮೆಟ್ಟಿಲಿನಲ್ಲಿ ದುಡ್ಡು ಕೊಟ್ಟು ಬಂದ ಆರ್ಟಿಕಲ್ಡ್ ಬಾಬು, ಕೆಳಗೆ ಸಂಬಳದವನು, ಅದರ ಕೆಳಗೆ ನಕಲು ಬರೆಯುವ ಬಡಪಾಯಿ, ಎಲ್ಲರಿಗಿಂತ ಕೆಳಗೆ ಆಫೀಸ್ ಹುಡುಗರು. ಎಲ್ಲಿ ಕೂತು ಈ ಶ್ರೇಣಿಯನ್ನು ನೋಡಿದ್ದ ಎಂಬುದು ಓದುತ್ತಲೇ ತಿಳಿಯುತ್ತದೆ.

ಆಮೇಲೆ ಕಾಲ ಬದಲಾಯಿತು. ಡಿಗ್ರಿ ಇಲ್ಲದವರು ಕಡಿಮೆಯಾದರು, ಆರ್ಟಿಕಲ್ ಎಂಬ ಹೆಸರು 1990ರ ದಶಕದಲ್ಲಿ ಹೋಗಿ ಟ್ರೈನಿಂಗ್ ಕಾಂಟ್ರಾಕ್ಟ್ ಬಂತು. ಮೊದಲು ಡಿಗ್ರಿ, ಮೇಲೊಂದು ದುಬಾರಿ ಕೋರ್ಸು, ಆಮೇಲೆ ಆಫೀಸು. ಹೀಗೆ ಬಾಗಿಲು ಸಣ್ಣದಾಗುತ್ತಾ ಬಂದು, 2016ರ ಸುಮಾರಿಗೆ ಅಪ್ರೆಂಟಿಸ್ ಹೆಸರಿನಲ್ಲಿ ಹಳೆಯ ಹಿತ್ತಿಲ ಬಾಗಿಲನ್ನು ಮತ್ತೆ ತೆರೆದರು. ಈ ಸಲ ದುಡ್ಡು ತಿರುಗಿ ಹರಿಯಿತು. 2017ರಿಂದ ದೊಡ್ಡ ಕಂಪನಿಗಳು, ಅಂದರೆ ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಹಂಚುವವು, ಅದರ ಮೇಲಿನ ಮೊತ್ತಕ್ಕೆ ನೂರಕ್ಕೆ ಅರ್ಧ ಪೌಂಡಿನಂತೆ ಅಪ್ರೆಂಟಿಸ್ ತೆರಿಗೆ ಕಟ್ಟಬೇಕು. ಕಟ್ಟಿದ್ದು ಹೇಗೂ ಕಟ್ಟಿದ್ದಾಯಿತು, ನಾವೇ ನಾಲ್ಕು ಮಕ್ಕಳಿಗೆ ಕಲಿಸಿ ವಾಪಸು ಪಡೆಯೋಣ ಎಂದು ಸಾಲಿಸಿಟರುಗಳಿಗೂ ಅನ್ನಿಸಿತು. ತೆರಿಗೆಯಿಂದ ಗುರುಕುಲ ಹುಟ್ಟಿದ್ದನ್ನು ನಾನು ಇಲ್ಲೇ ಮೊದಲು ಕಂಡದ್ದು.

ನನ್ನ ಕಾಲದಲ್ಲಿ ದುಡ್ಡು ಯಾವ ದಿಕ್ಕಿಗೂ ಹರಿಯುತ್ತಿರಲಿಲ್ಲ. ಸೀನಿಯರು ಕೇಳುತ್ತಿರಲಿಲ್ಲ, ಕೊಡುತ್ತಲೂ ಇರಲಿಲ್ಲ. ಸಂಜೆಯ ಕಾಫಿ ಮಾತ್ರ ಆಫೀಸಿನ ಲೆಕ್ಕ. ಪದವಿ ಪಡೆದು ಸೇರಿದ ದಿನ ನನಗೆ ನ್ಯಾಯಶಾಸ್ತ್ರದ ದೊಡ್ಡ ದೊಡ್ಡ ಪಂಡಿತರ ಹೆಸರು ಗೊತ್ತಿದ್ದವು, ವಕಾಲತ್ತಿಗೆ ಸ್ಟಾಂಪು ಎಲ್ಲಿ ಹಚ್ಚಬೇಕು ಎಂಬುದು ಗೊತ್ತಿರಲಿಲ್ಲ. ಆಫೀಸಿನ ಹಳೆಯ ಗುಮಾಸ್ತರು ಒಂದು ಕಟ್ಟನ್ನು ಬಿಚ್ಚಿ ಮುಂದೆ ಹರಡಿದರು. ದಾವೆ ಒಂದು ಕಡೆ, ತಕರಾರು ಒಂದು ಕಡೆ, ದಸ್ತಾವೇಜು ಬೇರೆ. ಅಂಚು ಮೇಜಿಗೆ ಕುಟ್ಟಿ ಸಮ ಮಾಡಿ, ತೂತಿನಲ್ಲಿ ಟ್ಯಾಗು ಪೋಣಿಸಿ, ರಟ್ಟಿನ ಮೇಲೆ ಕೇಸಿನ ನಂಬರನ್ನು ಮಸಿಯಲ್ಲಿ ಬರೆದು, ಮುಂದಿನ ತಾರೀಖನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದರು. "ಇದ್ಯಾಕೆ ಪೆನ್ಸಿಲು?" ಅಂದೆ. ಕನ್ನಡಕದ ಮೇಲಿಂದ ನನ್ನನ್ನು ಒಂದು ಸಲ ನೋಡಿ, "ಸ್ವಾಮಿ, ತಾರೀಖು ಬದಲಾಗದ ಕೇಸು ನೀವು ಎಲ್ಲಿ ಕಂಡಿದ್ದೀರಿ?" ಅಂದರು. ಸಿವಿಲ್ ಪ್ರೊಸೀಜರ್ ಕೋಡಿನ ಮೇಲೆ ಅಷ್ಟು ಚೊಕ್ಕವಾದ ಉಪನ್ಯಾಸವನ್ನು ನಾನು ಮತ್ತೆ ಕೇಳಿಲ್ಲ. ಮದುವೆಮನೆಯ ಅಡುಗೆಭಟ್ಟರ ಜೊತೆ ಹೋದ ಹುಡುಗ ಮೊದಲ ವರ್ಷ ತೆಂಗಿನಕಾಯಿ ತುರಿಯುವುದರಲ್ಲೇ ಉಪ್ಪಿನ ಹದ ಕಲಿತುಬಿಡುತ್ತಾನಲ್ಲ, ಹಾಗೆ ನಾವೂ ಕಲಿತೆವು. ಆದರೆ ಆ ಹುಡುಗನಿಗೆ ಸಂಜೆ ಬಾಳೆಲೆಯಲ್ಲಿ ಕಟ್ಟಿದ ಲಾಡು ಸಿಗುತ್ತದೆ.

ಸಿಕ್ಕದೆ ಹೋದದ್ದರ ಬಗ್ಗೆ ನಮ್ಮವರೂ ಯೋಚಿಸಿದ್ದಾರೆ. ಸನ್ನದು ಕೊಡುವ ಮೊದಲು ಒಂದು ವರ್ಷ ಸೀನಿಯರ್ ಬಳಿ ತರಬೇತಿ ಕಡ್ಡಾಯ ಎಂದು ಬಾರ್ ಕೌನ್ಸಿಲ್ ನಿಯಮ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟು ಅದು ಕೌನ್ಸಿಲ್ಲಿನ ಅಧಿಕಾರದಲ್ಲಿಲ್ಲ ಎಂದು ರದ್ದು ಮಾಡಿತು. 2024ರಲ್ಲಿ ಅದೇ ಕೌನ್ಸಿಲ್ಲು, ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಸೀನಿಯರುಗಳಿಗೆ ಶಿಫಾರಸು ಮಾಡಿತು. ಆ ಸುತ್ತೋಲೆಯನ್ನು ನಮ್ಮ ವಕೀಲರ ಸಂಘದಲ್ಲಿ ಜೂನಿಯರುಗಳು ಗಟ್ಟಿಯಾಗಿ ಓದಿದರು. ಸೀನಿಯರುಗಳಿಗೆ ಆ ಹೊತ್ತಿಗೆ ಸರಿಯಾಗಿ ಕೋರ್ಟಿನಿಂದ ಕರೆ ಬಂತು. ಸಾಲಿಸಿಟರುಗಳನ್ನು ಹಳೆಯ ಪದ್ಧತಿಯಲ್ಲಿ ತಯಾರು ಮಾಡುವುದನ್ನು ಇನ್ನೂ ಬಿಡದಿರುವುದು ಮುಂಬೈ. ಅಲ್ಲಿಯ ಬಾಂಬೆ ಇನ್ಕಾರ್ಪೊರೇಟೆಡ್ ಲಾ ಸೊಸೈಟಿ ಇವತ್ತಿಗೂ ಆರ್ಟಿಕಲ್ಸ್ ಮುಗಿಸಿದವರಿಗೆ ಪರೀಕ್ಷೆ ನಡೆಸುತ್ತದೆ, ಪಾಸಾಗುವುದು ಸುಲಭವಲ್ಲ ಎಂಬ ಖ್ಯಾತಿಯನ್ನೂ ಉಳಿಸಿಕೊಂಡಿದೆ.

ಲೀಡ್ಸಿನಲ್ಲಿ ನಮ್ಮ ಹುಡುಗಿ ಮೊದಲು ಕಲಿತದ್ದು ಕಟ್ಟು ಕಟ್ಟುವುದನ್ನಲ್ಲ, ಹೊತ್ತು ಅಳೆಯುವುದನ್ನು. ಅಲ್ಲಿಯ ಸಾಲಿಸಿಟರುಗಳು ಗಂಟೆಯನ್ನು ಹತ್ತು ಪಾಲು ಮಾಡಿ, ಆರು ನಿಮಿಷಕ್ಕೆ ಒಂದು ಯೂನಿಟ್ಟು ಎಂದು ಬರೆದಿಡುತ್ತಾರೆ. ಕಾಗದ ಓದಿದರೆ ಒಂದು ಯೂನಿಟ್ಟು, ಉತ್ತರ ಬರೆದರೆ ಎರಡು, ಫೋನಿನಲ್ಲಿ "ನೋಡಿ ಹೇಳ್ತೀನಿ" ಅಂದರೆ ಅದೂ ಒಂದು. ಇದನ್ನು ಕೇಳಿದಂದಿನಿಂದ ನನಗೆ ನಿದ್ದೆಯಿಲ್ಲ. ಹಾಸನದ ಬಾರ್ ರೂಮಿನಲ್ಲಿ ನಾವು ಪೇಪರು ಓದಿದ್ದಕ್ಕೇ ಒಂದು ಸೈಟು ತೆಗೆಯಬಹುದಿತ್ತು.

ಸ್ವಲ್ಪ ದಿನಕ್ಕೆ ಕೋವಿಡ್ ಬಂದು ಆಫೀಸು ಅವರ ಊಟದ ಮೇಜಿಗೇ ಬಂದು ಕೂತಿತು. ಕಕ್ಷಿದಾರರ ಗುಟ್ಟು ಬೇರೆಯವರ ಕಿವಿಗೆ ಬೀಳಬಾರದಲ್ಲ, ಅಪ್ಪ ಅಮ್ಮನಿಗೆ ಆ ಕೋಣೆಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದಳು. ತಾನೇ ಕಂತು ಕಟ್ಟಿದ ಮನೆಯಲ್ಲಿ ಭಾವಮೈದುನ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತು ಉಪ್ಪಿಟ್ಟು ತಿಂದ. ಫೋನಿನಲ್ಲಿ ದೂರು ಹೇಳುವಾಗಲೂ ದನಿ ತಗ್ಗಿಸಿಯೇ ಹೇಳುತ್ತಿದ್ದ. ಎಲ್‌ಎಲ್‌ಬಿ ಬಂದ ಮೇಲೆ ಗೌನು ಹಾಕಿದ ಫೋಟೋ ಗೋಡೆಗೆ ಬಂತು. ಹುಡುಗಿಯ ಅಮ್ಮ ಅಲ್ಲಿಂದಾಚೆಗೆ ಅಪ್ರೆಂಟಿಸ್ ಎಂಬ ವಿಷಯವನ್ನೇ ಎತ್ತಲಿಲ್ಲ.

ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. 2021ರಿಂದ ಡಿಗ್ರಿಯವರಾದರೂ ಸರಿ, ಅಪ್ರೆಂಟಿಸ್ ಆದರೂ ಸರಿ, ಎಸ್‌ಕ್ಯೂಇ ಎಂಬ ಎರಡು ಭಾಗದ ಪರೀಕ್ಷೆ ದಾಟಬೇಕು. ಮೊದಲ ಭಾಗದಲ್ಲಿ 360 ಪ್ರಶ್ನೆ, ಎರಡು ದಿನ, ಒಂದೊಂದಕ್ಕೂ ಐದು ಉತ್ತರ ಕೊಟ್ಟಿರುತ್ತಾರೆ, ಅತ್ಯುತ್ತಮವಾದದ್ದನ್ನು ಆರಿಸಬೇಕು. ಒಂದು ಪ್ರಶ್ನೆಗೆ ಎರಡು ನಿಮಿಷವೂ ಇಲ್ಲ. ಮಾದರಿಗೆಂದು ಕೆಲವನ್ನು ಕಳಿಸಿದಳು. ಇಂಗ್ಲೆಂಡಿನ ಕಾನೂನು ಗೊತ್ತಿಲ್ಲದ್ದು ಹಾಗಿರಲಿ, ನನ್ನ ನಿಜವಾದ ತೊಡಕು ಬೇರೆ. ಯಾವ ಪ್ರಶ್ನೆ ಕೇಳಿದರೂ ವಕೀಲನಾದವನು ಕೊಡುವ ಉತ್ತರ, "ಕಾಗದಪತ್ರ ನೋಡಿ ಹೇಳಬೇಕು" ಎಂಬುದು, ಆ ಐದರಲ್ಲಿ ಎಲ್ಲೂ ಇರಲಿಲ್ಲ. 2024ರಲ್ಲಿ ಈ ಪರೀಕ್ಷೆ ನಡೆಸುವವರೇ ಅಂಕಗಳನ್ನು ಪೂರ್ಣಾಂಕಕ್ಕೆ ತರುವ ಲೆಕ್ಕದಲ್ಲಿ ಎಡವಿ, ಪಾಸಾಗಿದ್ದ 175 ಜನರಿಗೆ ಫೇಲು ಎಂದು ತಿಳಿಸಿ, ಆಮೇಲೆ ಕ್ಷಮೆ ಕೇಳಿ, ತಲಾ 250 ಪೌಂಡು ಕೊಡುತ್ತೇವೆ ಅಂದರು. ವಕೀಲರಾಗಲು ಹೊರಟವರಿಗೆ ಮೊದಲ ಪರಿಹಾರ ಪರೀಕ್ಷೆಯವರಿಂದಲೇ ಸಿಕ್ಕಿತು.

ಇಷ್ಟು ಚೆಂದದ ದಾರಿಗೆ ಅಲ್ಲಿಯ ಸರ್ಕಾರ ಈಗ ಅಡ್ಡ ಬೇಲಿ ಹಾಕಿದೆ. 2026ರ ಜನವರಿಯಿಂದ ಸಾಲಿಸಿಟರಿನಂಥ ಉನ್ನತ ಮಟ್ಟದ ಅಪ್ರೆಂಟಿಸುಗಳಿಗೆ ಸರ್ಕಾರದ ಹಣ ಸಿಗುವುದು, ಕೆಲವು ವಿನಾಯಿತಿ ಬಿಟ್ಟರೆ, ಸೇರುವಾಗ 21 ಮೀರದವರಿಗೆ ಮಾತ್ರ. ಎಳೆಯರಿಗೆ ಹೆಚ್ಚು ಅವಕಾಶ ಸಿಗಲಿ ಎಂಬುದು ಅವರ ವಾದ. ನನಗೆ ಒಪ್ಪಿಗೆಯಿಲ್ಲ. ಬೇರೆ ಕೆಲಸದಲ್ಲಿ ಒಂದಷ್ಟು ಪೆಟ್ಟು ತಿಂದು, ಮನೆ ಸಂಸಾರ ಅಂದರೇನು ಎಂದು ಕಂಡು, ಆಮೇಲೆ ಕಾನೂನಿಗೆ ಬಂದವರೇ ಕಕ್ಷಿದಾರರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದು. ಆ ಪೆನ್ಸಿಲಿನ ಗುಮಾಸ್ತರು 21ರೊಳಗೆ ಏನು ಮಾಡುತ್ತಿದ್ದರೋ, ಆಫೀಸಿಗಂತೂ ಬಂದಿರಲಿಲ್ಲ.

ಎಸ್‌ಕ್ಯೂಇಯ ಎರಡನೆಯ ಭಾಗದ ಪರೀಕ್ಷೆಯಲ್ಲಿ ಕಕ್ಷಿದಾರರ ಸಂದರ್ಶನ ಇರುತ್ತದೆ. ಕಾಗದ ನೋಡಿಕೊಳ್ಳಲು 10 ನಿಮಿಷ, ಮಾತಿಗೆ 25 ನಿಮಿಷ, ಆಮೇಲೆ ಟಿಪ್ಪಣಿ ಬರೆಯಲು 25 ನಿಮಿಷ. ಕಕ್ಷಿದಾರರ ಪಾತ್ರಕ್ಕೂ ತರಬೇತಿ ಪಡೆದವರೇ ಇರುತ್ತಾರಂತೆ. ಅಭ್ಯಾಸಕ್ಕೆ ಒಬ್ಬರು ಬೇಕು ಮಾವ ಎಂದು ಹುಡುಗಿ ಕೇಳಿದಾಗ ನಾನು ಹೊಸ ಶರ್ಟು ಹಾಕಿಕೊಂಡು ವಿಡಿಯೋ ಕಾಲಿಗೆ ಕೂತೆ. ವಿಷಯ ಉಯಿಲು. ಜೀವಮಾನವೆಲ್ಲ ಕಕ್ಷಿದಾರರನ್ನು ಕಂಡವನು, ಅವರ ಹಾಗೆಯೇ ಶುರುಮಾಡಿದೆ. "ನೋಡಮ್ಮ, ಇದು ಇವತ್ತಿನದಲ್ಲ. ಗೊರೂರಲ್ಲಿ ಹೇಮಾವತಿಗೆ ಕಟ್ಟೆ ಕಟ್ಟುವಾಗ ನಮ್ಮ ತಾತನ ಗದ್ದೆ ಮುಳುಗಿತು..." ಅವಳು ಅತ್ಯಂತ ವಿನಯದಿಂದ, "ಈಗ ಉಯಿಲು ಯಾರ ಹತ್ತಿರ ಇದೆ?" ಅಂದಳು. "ಅಲ್ಲಿಗೇ ಬರ್ತಿದ್ದೀನಿ" ಎಂದು ನಾನು ಪರಿಹಾರದ ಕಚೇರಿಗೆ ತಾತ ಅಲೆದದ್ದನ್ನು ಎತ್ತಿಕೊಂಡೆ. ಅವಳು ಇನ್ನೊಂದು ಸಲ ಉಯಿಲಿನ ಕಡೆ ತಿರುಗಿಸಿದಳು. ನಾನು ಸರ್ವೆಯರನ ಕಡೆ ತಿರುಗಿಕೊಂಡೆ. ಅಲಾರಾಂ ಹೊಡೆಯಿತು.

ಸ್ವಲ್ಪ ಹೊತ್ತಿಗೆ ಟಿಪ್ಪಣಿ ಓದಿ ಹೇಳಿದಳು. ಕಕ್ಷಿದಾರರು ಹಿರಿಯರು, ಸಜ್ಜನರು. ಜಮೀನಿನ ಪರಿಹಾರದ ಬಗ್ಗೆ ಅಸಮಾಧಾನವಿದೆ. ಉಯಿಲಿನ ವಿಚಾರ ಇನ್ನೂ ತಿಳಿಸಿಲ್ಲ. ಐದು ಯೂನಿಟ್ಟು.

ಅಷ್ಟರಲ್ಲಿ ಅವಳ ಹೆಗಲ ಹಿಂದಿನಿಂದ ಭಾವಮೈದುನನ ಮುಖ ಕಾಣಿಸಿತು. ಬಾಗಿಲ ಹೊರಗೆ ನಿಂತು ಪೂರ್ತಿ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ.

"ಅಲ್ಲಾ ಭಾವ, ಆ ಪರಿಹಾರದ ದುಡ್ಡು ಕೊನೆಗೆ ಬಂತಾ?"

"ನೋಡಯ್ಯ, ಅದೇನಾಯ್ತು ಅಂದ್ರೆ..." ಎಂದು ನಾನು ಕುರ್ಚಿ ಎಳೆದುಕೊಂಡೆ.