ಎಲ್ಲಕ್ಕೂ ‘ಸಿ’

ಧಾರವಾಡದ ಹಾಸ್ಟೆಲೊಂದರ ಮೆಸ್ಸಿನಲ್ಲಿ ಕನ್ನಡ ಎಂ.ಎ. ಹುಡುಗನೊಬ್ಬ ರೊಟ್ಟಿ ಮುರಿಯುತ್ತ ಯುಜಿಸಿ ನೆಟ್ ಗೆಲ್ಲುವ ತಂತ್ರ ವಿವರಿಸುತ್ತಿದ್ದ. ಎದುರಿಗೆ ಪಿಎಚ್‌.ಡಿ. ಮಾಡುವ ಸೀನಿಯರ್.

“ಅಣ್ಣಾ, 150 ಪ್ರಶ್ನೆ, 300 ಅಂಕ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಓದೂದು ಯಾಕ? ಎಲ್ಲಾದಕ್ಕೂ ‘ಸಿ’ ಒತ್ತಿ ಬರ್ತೀನಿ.”

“ಲೆಕ್ಕಾ ಹಾಕೀ ಏನಲೇ? ನಾಲ್ಕರಾಗ ಒಂದು ಸರಿ ಬಿದ್ರ 75 ಅಂಕ. ಜನರಲ್‌ನವರಿಗೆ ಕಡಿಮಿ ಅಂದ್ರೂ 120 ಬೇಕು.”

“ಉಳದ 45 ಮನಿದೇವ್ರು ನೋಡ್ಕೋತಾನ.”

“120 ಬಂದ್ರೂ ಅದು ಬರೇ ಹೊಸ್ತಿಲಾ. ಎರಡೂ ಪತ್ರಿಕೆ ಬರದವರಾಗ ಕಾಲೇಜಿನ್ಯಾಗ ಪಾಠ ಹೇಳೂ ಅರ್ಹತೆ ಸಿಗೂದು ಶೇ. 6ರಷ್ಟು ಮಂದಿಗೆ.”

ಹುಡುಗ ರೊಟ್ಟಿ ಕೆಳಗಿಟ್ಟ. ಆದರೂ ಸೆಮಿಸ್ಟರ್ ಪರೀಕ್ಷೆಗಿಂತ ಇದೇ ವಾಸಿ ಎಂಬ ವಾದ ಬಿಡಲಿಲ್ಲ. ಕಾಗಿ ಕಾಲು ಗುಬ್ಬಿ ಕಾಲು ಅಕ್ಷರಕ್ಕೆ ಅಂಕ ಕಡಿಯುವವರಿಲ್ಲ, ಅಡಿಷನಲ್ ಶೀಟ್ ಕಟ್ಟಿ ತೂಕ ಹೆಚ್ಚಿಸುವ ರಗಳೆಯಿಲ್ಲ. ಅಷ್ಟರಮಟ್ಟಿಗೆ ಹುಡುಗನ ಮಾತು ಖರೆ. ನೆಟ್ ಉತ್ತರ ತಿದ್ದುವ ಕಂಪ್ಯೂಟರಿಗೆ ಮೋರೆ ನೋಡಿ ಮಣೆ ಹಾಕುವುದು ಗೊತ್ತಿಲ್ಲ.

“ಅದಿರಲಿ, ಪಂಪನ ಬಗ್ಗೆ ನಿನಗ ಏನ್ ಗೊತ್ತೈತಿ ಹೇಳು.”

“ನಾಕು ಆಪ್ಷನ್ ಕೊಡ್ರಿ ಅಣ್ಣಾ, ಹೇಳ್ತೀನಿ.”

ಆ ಶೇ. 6ರಲ್ಲಿ ಬಂದರೆ ಈತ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹ.